ಅಕ್ಕ ಓದದ ಮೊದಲ ಪುಟ

ಜನವರಿ 9

ಪ್ರೀತಿಯ ಅಕ್ಕ,

ಇಲ್ಲಿ ಚಳಿ ಎಂದರೆ ಚಳಿ. ನಲ್ಲಿ ತಿರುಗಿಸಿದರೆ ನೀರು ಬೆರಳನ್ನೇ ಕಚ್ಚುತ್ತದೆ. ಮೇಲಿನ ಮನೆಯವರು ಹೊಸ ಮಂಚ ತಂದಿದ್ದಾರೆ. ದಿನಕ್ಕೊಂದು ಗೋಡೆಗೆ ಎಳೆದು ನೋಡುತ್ತಾರೆ, ಸದ್ದೆಲ್ಲ ನನ್ನ ತಲೆಯ ಮೇಲೆ. ಲ್ಯಾಬಿನಲ್ಲಿ ನನ್ನ ಎದುರು ಮೇಜು ಖಾಲಿ. ಅವಳು ಬೇರೆ ಊರಿನ ಕೆಲಸಕ್ಕೆ ಹೊರಟುಹೋದಳು. ಮದುವೆಯ ಮಾತು ಅಲ್ಲಿಗೆ ಮುಗಿಯಿತು ಅಂತಲೇ ಇಟ್ಟುಕೋ. ಒಬ್ಬನಿಗೇ ಅಡುಗೆ ಮಾಡಲು ಮನಸ್ಸಾಗುವುದಿಲ್ಲ, ಬ್ರೆಡ್ಡಿನಲ್ಲೇ ದಿನ ದೂಡುತ್ತಿದ್ದೇನೆ. ಹೊಸ ಬೂಟು ಬೇರೆ ಹಿಮ್ಮಡಿ ಕಡಿಯುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ರಕ್ತದ ಪರೀಕ್ಷೆಯ ಫಲಿತಾಂಶ ಬಂತು. ತಪಾಸಣೆಯವರು ಓದಿ ಕಳಿಸಿದ ಅಕ್ಷರಗಳ ಸಾಲನ್ನು ನಾನೇ ಕೂತು ಇನ್ನೊಮ್ಮೆ ನೋಡಿದೆ. ಅಪ್ಪನ ಕಾಯಿಲೆಗೆ ಕಾರಣವಾಗುವ ಜೀನಿನಲ್ಲಿ, ಶುರುವಿನ ಗುರುತಿನಿಂದ ಕೊನೆಯ ಗುರುತಿನವರೆಗೆ, ಒಂದಕ್ಷರವೂ ತಪ್ಪಿಲ್ಲ. ಅಪ್ಪನಿಗಿದ್ದ ಆ ದಾರಿ ತಪ್ಪಿದ ರಕ್ತನಾಳಗಳು ನಿನಗೆ ಬರುವುದಿಲ್ಲ. ನಿನ್ನ ಮೂಗಿನಿಂದ ಆಗೊಮ್ಮೆ ಈಗೊಮ್ಮೆ ರಕ್ತ ಬರುವುದು ನೀನು ಈಜು ಕಲಿಸುವ ಕೊಳದ ಕ್ಲೋರಿನ್‌ನಿಂದ ಇರಬೇಕು. ಡಾಕ್ಟರು ಶ್ವಾಸಕೋಶದ ಸ್ಕ್ಯಾನ್ ಮಾಡಿಸಿ ಎಂದರು ಅಂತ ಬರೆದಿದ್ದೆಯಲ್ಲ, ಅದೇನೂ ಬೇಡ. ಸುಮ್ಮನೆ ಯಾಕೆ ಆಸ್ಪತ್ರೆ ಅಲೆಯುತ್ತೀಯಾ? ನೆಮ್ಮದಿಯಾಗಿರು.

ಭಾವನಿಗೆ ನನ್ನ ನಮಸ್ಕಾರ. ಮಗಳು ಕಪ್ಪೆಮರಿಗೆ ಮುತ್ತು.

ನಿನ್ನ ತಮ್ಮ


ಜನವರಿ 24

ಏನೋ ಪುಟ್ಟಾ,

ನಿನ್ನ ಬಾಯಿಗೆ ಸಕ್ಕರೆ ಹಾಕ! ಕಾಗದ ಓದಿ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ನಿನ್ನ ಭಾವ ಕನ್ನಡಕದ ಅಂಗಡಿಯಿಂದ ಬಂದೋರು, "ಏನೇ ಇದು, ಮನೆ ಬೀಳಿಸ್ತೀಯಾ?" ಅಂದ್ರು. ಅಪ್ಪ ಜೇಬಲ್ಲಿ ಯಾವಾಗಲೂ ಎರಡು ಕರ್ಚೀಫು ಇಟ್ಕೋತಿದ್ದದ್ದು, ಮೂಗು ಸುರಿದು ಕಲೆಯಾಗುತ್ತೆ ಅಂತ ಬಿಳಿ ಬಟ್ಟೆ ಹೊಲಿಯೋಕೇ ಒಪ್ಪದೆ ಗಿರಾಕಿಗಳನ್ನ ವಾಪಸ್ ಕಳಿಸ್ತಿದ್ದದ್ದು, ಕೊನೆಗೆ ಹೊಲಿಗೆ ಯಂತ್ರದ ಮೇಲೇ ತಲೆ ಇಟ್ಟದ್ದು, ಎಲ್ಲ ನೆನಪಾಯ್ತು. ಆಮೇಲೆ ಹಗುರಾಯ್ತು. ಸ್ಕ್ಯಾನಿಗೆ ಕೊಟ್ಟಿದ್ದ ದಿನ ರದ್ದು ಮಾಡಿದೆ. ಡಾಕ್ಟರಮ್ಮ ಮುಖ ಗಂಟು ಹಾಕ್ಕೊಂಡ್ರು. "ನನ್ನ ತಮ್ಮನಿಗೆ ನಿಮಗಿಂತ ಜಾಸ್ತಿ ಗೊತ್ತು" ಅಂದೆ. ಹೇಗಿದೆ?

ಇನ್ನೊಂದು ಸುದ್ದಿ. ಸಿಲಿಂಡರ್ ಕಟ್ಟಿಕೊಂಡು ನೀರಿನ ಆಳಕ್ಕೆ ಇಳಿಯೋ ತರಬೇತಿ ನಮ್ಮ ಕೊಳದಲ್ಲೂ ಏಪ್ರಿಲ್‌ನಿಂದ ಶುರು. ಕಪ್ಪೆಮರಿ ಹಟ ಹಿಡಿದಿದ್ದಳು, ಅಪ್ಪನ ಕಾಯಿಲೆ ಭಯಕ್ಕೆ ನಾನು ಬೇಡ ಅಂತಿದ್ದೆ. ಈಗೇನು ಭಯ? ಅವಳ ಹೆಸರು ಬರೆಸಿದೆ, ಜೊತೆಗೆ ನನ್ನದೂ.

ಅಲ್ಲ ಕಣೋ, ನಿನ್ನ ಕಾಗದದ ಮೊದಲ ಪುಟ ನಾನು ಯಾವತ್ತೂ ಓದಲ್ಲ, ಗೊತ್ತಾ? ಮಳೆ, ಚಳಿ, ಬೂಟು, ಮೇಲಿನ ಮನೆ! "ಈಗ ವಿಷಯಕ್ಕೆ ಬರುತ್ತೇನೆ" ಅಂತ ಬರೀತೀಯಲ್ಲ, ನನ್ನ ಕಣ್ಣು ನೇರ ಅಲ್ಲಿಗೇ ಹಾರುತ್ತೆ. ಫೋನಲ್ಲಿ ಮಾತಾಡೋಣ ಅಂದ್ರೆ ಎರಡು ಮಾತಿಗೆ ಜಗಳ ಆಡ್ತೀವಿ, ಅದಕ್ಕೇ ಕಾಗದವೇ ವಾಸಿ ಅಂತ ಮೊದಲ ಪುಟ ಸಹಿಸ್ಕೊಂಡಿದ್ದೀನಿ.

ಶುರುವಿನ ಗುರುತು ಅಂದ್ಯಲ್ಲ, ಅದೇನು? ಕಪ್ಪೆಮರಿ ಕೇಳ್ತಿದ್ದಾಳೆ. ಹಾಗೇ, ಎದುರು ಮೇಜಿನವಳನ್ನ ಯಾವಾಗ ಮನೆಗೆ ಕರ್ಕೊಂಡು ಬರ್ತೀಯಾ? ಎಷ್ಟು ದಿನ ಸತಾಯಿಸ್ತೀಯಾ ಆ ಹುಡುಗೀನ?

ಅಕ್ಕ


ಫೆಬ್ರವರಿ 10

ಪ್ರೀತಿಯ ಅಕ್ಕ,

ಮೊದಲ ಪುಟ ಓದುವುದಿಲ್ಲ ಎಂದು ತಿಳಿದು ಸಂತೋಷವಾಯಿತು. ಇನ್ನು ಮೇಲೆ ಅಲ್ಲಿ ಏನು ಬೇಕಾದರೂ ಬರೆಯಬಹುದು. ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಹಿಂದಿನ ಕಾಗದದಲ್ಲೇ ಇತ್ತು. ಹೋಗಲಿ ಬಿಡು. ಬೂಟು ಈಗ ಹದಕ್ಕೆ ಬಂದಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕಪ್ಪೆಮರಿಗೆ ಓದಿ ಹೇಳು. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ರೈಬೋಸೋಮ್ ಎಂಬ ಲಕ್ಷಾಂತರ ಪುಟ್ಟ ಯಂತ್ರಗಳಿವೆ. ಜೀನಿನಿಂದ ನಕಲಾಗಿ ಬರುವ ಸಂದೇಶದ ಎಳೆಯನ್ನು ಓದಿ ಪ್ರೋಟೀನು ಕಟ್ಟುವುದು ಅವುಗಳ ಕಸುಬು. ಆದರೆ ಎಳೆಯ ಮೊದಲ ಅಕ್ಷರದಿಂದಲೇ ಕಟ್ಟಲು ಶುರು ಮಾಡುವುದಿಲ್ಲ. ಮುಂದುಗಡೆ ಒಂದಷ್ಟು ಪೀಠಿಕೆ ಇರುತ್ತದೆ, ನನ್ನ ಕಾಗದದ ಹಾಗೆ. ಯಂತ್ರದ ಚಿಕ್ಕ ತುಂಡು ಎಳೆಯ ತುದಿಯಲ್ಲಿರುವ ಟೋಪಿಯನ್ನು ಹಿಡಿದು, ಅಕ್ಷರ ತಡವುತ್ತಾ ಮುಂದೆ ಜಾರುತ್ತದೆ. ಎ, ಯು, ಜಿ ಎಂಬ ಮೂರು ಅಕ್ಷರ ಸಾಲಾಗಿ ಸಿಕ್ಕರೆ ಅದು ಶುರುವಿನ ಗುರುತು. ಸಾಮಾನ್ಯವಾಗಿ ಮೊದಲು ಸಿಕ್ಕಿದ್ದನ್ನೇ ಆರಿಸುತ್ತದೆ. ಆದರೂ ಅಕ್ಕಪಕ್ಕ ನೋಡದೆ ನಿಲ್ಲುವುದಿಲ್ಲ, ಹೆಣ್ಣು ಕೊಡುವವರ ಹಾಗೆ. ಗುರುತಿಗಿಂತ ಮೂರು ಅಕ್ಷರ ಹಿಂದೆ ಒಂದು ಎ ಅಥವಾ ಜಿ ಇರಬೇಕು, ಗುರುತಿನ ಬೆನ್ನಿಗೇ ಇನ್ನೊಂದು ಜಿ ಇರಬೇಕು. ನೆರೆಹೊರೆ ಹೀಗಿದ್ದರೆ ಗಟ್ಟಿಯಾಗಿ ನಿಲ್ಲುತ್ತದೆ, ದೊಡ್ಡ ತುಂಡು ಬಂದು ಸೇರುತ್ತದೆ, ಕೆಲಸ ಶುರು. ನೆರೆಹೊರೆ ಸರಿಯಿಲ್ಲದಿದ್ದರೆ ಎಷ್ಟೋ ಸಲ ಆ ಗುರುತನ್ನು ದಾಟಿ ಮುಂದಿನದಕ್ಕೆ ಹೋಗಿಬಿಡುತ್ತದೆ.

ಬ್ಯಾಕ್ಟೀರಿಯಾದ ರೈಬೋಸೋಮ್ ಮಾತ್ರ ನಿನ್ನ ಜಾತಿ, ಅಕ್ಕ. ಪೀಠಿಕೆಯ ಗೊಡವೆಗೆ ಹೋಗದೆ ನೇರ ಗುರುತಿನ ಹತ್ತಿರವೇ ಬಂದು ಕೂರುತ್ತದೆ. ಬೆನ್ನುಮೂಳೆ ಇರುವ ಪ್ರಾಣಿಗಳು ತುದಿಯಿಂದ ಬರುತ್ತವೆ. ನಿನಗೆ ಬೆನ್ನುಮೂಳೆ ಇದೆಯೋ ಇಲ್ಲವೋ ಡಾಕ್ಟರನ್ನು ಕೇಳಿ ನೋಡು.

ನಾನು ಇದನ್ನೆಲ್ಲ ನೋಡುವುದು ಕಪ್ಪೆಯ ಮೊಟ್ಟೆಗಳಲ್ಲಿ ಎಂದು ನಮ್ಮ ಕಪ್ಪೆಮರಿಗೆ ಹೇಳಬೇಡ, ಬೇಜಾರು ಮಾಡಿಕೊಂಡಾಳು. ಅವಳಿಗಾಗಿ ಅವಳ ಅಮ್ಮನದೇ ಎಳೆಯ ಚಿತ್ರ ಬರೆದು ಕಳಿಸುತ್ತೇನೆ, ಟೋಪಿಯಿಂದ ಹಿಡಿದು.

ತಮ್ಮ


ಮಾರ್ಚ್ 3

ಪುಟ್ಟಾ,

ಚಿತ್ರ ಎಲ್ಲೋ? ಕಪ್ಪೆಮರಿ ದಿನಾ ಟಪಾಲು ಡಬ್ಬಿ ನೋಡ್ತಾಳೆ. ಮೊಟ್ಟೆ ವಿಷಯ ಹೇಳಿದೆ. "ಮಾವ ನಮ್ಮೋರಿಗೆ ಏನು ಮಾಡ್ತಾರೆ?" ಅಂತ ಗಂಭೀರವಾಗಿ ಕೇಳಿದಳು, ನಗು ತಡೆಯೋಕಾಗಲಿಲ್ಲ.

ನಾನು ಚೆನ್ನಾಗಿದ್ದೀನಿ. ಸ್ವಲ್ಪ ಕೆಮ್ಮು, ಅಷ್ಟೇ. ಮೊದಲಿನ ಹಾಗೆ ಒಂದೇ ಉಸಿರಲ್ಲಿ ಕೊಳದ ಆ ದಡ ಮುಟ್ಟೋಕಾಗ್ತಿಲ್ಲ, ವಯಸ್ಸಾಯ್ತಲ್ಲ. ಮಕ್ಕಳು "ಮೇಡಂ ಏದುಸಿರು ಬಿಡ್ತಾರೆ" ಅಂತ ಆಡ್ಕೋತಾರೆ. ಸೀಟಿ ಊದಿ ಅವರ ಬಾಯಿ ಮುಚ್ಚಿಸ್ತೀನಿ. ಮೂಗಿನ ವಿಷಯ ಕೇಳಬೇಡ, ಕ್ಲೋರಿನ್‌ದೇ.

ಎದುರು ಮೇಜಿನವಳ ಬಗ್ಗೆ ಉತ್ತರವೇ ಬರೀಲಿಲ್ಲ. ನಾಚಿಕೆನಾ?

ಅಕ್ಕ


ಮಾರ್ಚ್ 14

ಪ್ರೀತಿಯ ಅಕ್ಕ,

ಚಳಿ ಇಳಿದಿದೆ. ಕಿಟಕಿ ತೆರೆದರೆ ಕೆಳಗಿನ ಲಾಂಡ್ರಿಯ ಸೋಪಿನ ವಾಸನೆ ಮನೆ ತುಂಬಾ. ಮೇಲಿನ ಮನೆಯವರ ಮಂಚಕ್ಕೆ ಕೊನೆಗೂ ಒಂದು ಗೋಡೆ ಸಿಕ್ಕಿತು ಅಂತ ಕಾಣುತ್ತದೆ. ನಿನ್ನ ಡಾಕ್ಟರು ಹೇಳಿದ್ದ ಆ ಸ್ಕ್ಯಾನು, ಪುರುಸೊತ್ತಾದಾಗ ಮಾಡಿಸಿಬಿಟ್ಟರೂ ನಷ್ಟವೇನಿಲ್ಲ. ಫಲಿತಾಂಶದ ಬಗ್ಗೆ ಸಣ್ಣದೊಂದು ಅನುಮಾನ, ಇಲ್ಲಿ ಇನ್ನೊಂದು ಪರೀಕ್ಷೆ ನಡೆಸುತ್ತಿದ್ದೇನೆ. ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟುಬಂದೆ. ಬಸ್ಸಿನವರನ್ನು ಕೇಳಿದರೆ ನಕ್ಕರು.

ಈಗ ವಿಷಯಕ್ಕೆ ಬರುತ್ತೇನೆ. ಕಪ್ಪೆಮರಿಗೆ ಚಿತ್ರ ಕಳಿಸಿದ್ದೇನೆ. ಅಮ್ಮನದಲ್ಲ, ಕಪ್ಪೆಮೊಟ್ಟೆಯದು. ಕಪ್ಪು ಭಾಗ ಮೇಲೆ, ಬಿಳಿ ಭಾಗ ಕೆಳಗೆ. ಬಣ್ಣ ಅವಳೇ ತುಂಬಲಿ.

ತಮ್ಮ


ಮಾರ್ಚ್ 29

ಪುಟ್ಟಾ,

ಚಿತ್ರಕ್ಕೆ ಹಸಿರು ಬಣ್ಣ ಬಳಿದು ಗೋಡೆಗೆ ಅಂಟಿಸಿದ್ದಾಳೆ. ಕಪ್ಪು ಬಿಳುಪು ಅಂತ ಮಾವ ಹೇಳಿದ್ದಾರಲ್ಲೇ ಅಂದ್ರೆ, "ಮಾವನಿಗೇನು ಗೊತ್ತು" ಅಂತಾಳೆ. ಬರೋ ವಾರ ನಾವಿಬ್ಬರೂ ಸಿಲಿಂಡರ್ ಕಟ್ಟಿಕೊಳ್ತೀವಿ.

ಅಕ್ಷರ ಸೊಟ್ಟ ಆಗಿದ್ರೆ ಬೈಬೇಡ. ಪೆನ್ನು ಕೈಯಿಂದ ಜಾರ್ತಾ ಇದೆ. ಹೊಸದು ತಗೋಬೇಕು.

ಅಕ್ಕ


ಮೇ 6

ಅಕ್ಕ,

ತಪ್ಪು ತಪಾಸಣೆಯವರದಲ್ಲ, ನನ್ನದು.

ಆಸ್ಪತ್ರೆಯಲ್ಲಿ ನಿನ್ನ ಹಾಸಿಗೆಯ ಪಕ್ಕ ಅಷ್ಟು ದಿನ ಕೂತಿದ್ದರೂ ಇದೊಂದು ಮಾತು ಬಾಯಿಗೆ ಬರಲಿಲ್ಲ. ನೀನು ಕೊಳದ ಅಂಚಿನಲ್ಲಿ ಕುಸಿದೆ, ಸೀಟಿ ಬಾಯಿಂದ ಬಿತ್ತು, ಬಲಗೈ ಏಳಲಿಲ್ಲ ಎಂದು ಭಾವ ಫೋನಿನಲ್ಲಿ ಹೇಳಿದಾಗಲೇ ನನಗೆ ಎಲ್ಲ ಗೊತ್ತಿತ್ತು. ನಿನ್ನ ಶ್ವಾಸಕೋಶದಲ್ಲಿ ಒಂದು ರಕ್ತನಾಳ ಅಡ್ಡದಾರಿ ಹಿಡಿದಿದೆ, ಅದರೊಳಗಿಂದ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಮಿದುಳಿಗೆ ಹೋಗಿದೆ ಎಂದು ಡಾಕ್ಟರಮ್ಮ ವಿವರಿಸುವಾಗ ನಾನು ನೆಲ ನೋಡುತ್ತಿದ್ದೆ. ಆ ನಾಳಕ್ಕೆ ಬಿರಡೆ ಹಾಕಿ ಮುಚ್ಚಿದ ಮೇಲೆ ನೀನು ತೊದಲುತ್ತಾ ಏನಂದೆ, ನೆನಪಿದೆಯಾ? "ಆ ತಪಾಸಣೆಯೋರಿಗೆ ಬುದ್ಧಿ ಇಲ್ಲ ಬಿಡೋ. ನೀನ್ಯಾಕೆ ಅಳ್ತೀಯಾ?" ಭಾವ ನನ್ನ ಬೆನ್ನು ತಟ್ಟಿ, ಕೆಲಸ ಬಿಟ್ಟು ಓಡಿಬಂದೆಯಲ್ಲಪ್ಪ ಎಂದರು. ನಾನು ಆ ಮಾತನ್ನೂ ನುಂಗಿಕೊಂಡೆ.

ತಪಾಸಣೆಯವರು ಎಳೆಯ ಪೀಠಿಕೆಯನ್ನೂ ಸೇರಿಸಿಯೇ ಕಳಿಸಿದ್ದರು. ಅದನ್ನು ಕತ್ತರಿಸಿ ಪಕ್ಕಕ್ಕಿಟ್ಟವನು ನಾನು. ಪಾಠಪುಸ್ತಕ ಗುರುತು ಹಾಕಿದ ಎ-ಯು-ಜಿಯಿಂದ ಓದಿದೆ, ಕೊನೆವರೆಗೂ ಓದಿದೆ, ಎಲ್ಲ ಸರಿಯಿದೆ ಎಂದೆ. ರೈಬೋಸೋಮ್ ತುದಿಯಿಂದ ಬರುತ್ತದೆ, ಮೊದಲು ಸಿಕ್ಕ ಒಳ್ಳೆ ಗುರುತಿಗೇ ನಿಲ್ಲುತ್ತದೆ ಎಂದು ಜನಕ್ಕೆಲ್ಲ ಪಾಠ ಹೇಳುವವನು ನಾನೇ. ಕಪ್ಪೆಮರಿಗೆ ಚಿತ್ರ ಬರೆಯಲು ಕೂತಾಗ ಕತ್ತರಿಸಿದ ಭಾಗವನ್ನು ತೆರೆದೆ. ಅಲ್ಲಿ, ನಿಜವಾದ ಗುರುತಿಗಿಂತ ಎಷ್ಟೋ ಮುಂಚೆ, ಎ-ಸಿ-ಜಿ ಇರಬೇಕಾದಲ್ಲಿ ಎ-ಯು-ಜಿ ಇತ್ತು. ಬದಲಾದದ್ದು ಒಂದೇ ಅಕ್ಷರ. ಮೂರಕ್ಷರ ಹಿಂದೆ ಎ, ಬೆನ್ನಿಗೆ ಜಿ. ಅದಕ್ಕಿಂತ ಒಳ್ಳೆಯ ನೆರೆಹೊರೆ ಕೇಳಿದರೂ ಸಿಗುವುದಿಲ್ಲ. ಯಂತ್ರ ಅಲ್ಲೇ ನಿಂತು, ಕೆಲಸಕ್ಕೆ ಬಾರದ್ದೇನನ್ನೋ ಕಟ್ಟಿ ಬಿಸಾಡುತ್ತದೆ. ನಿಜವಾದ ಗುರುತಿನವರೆಗೆ ಬರುವುದೇ ಅಪರೂಪ. ಅಮ್ಮನಿಂದ ಬಂದ ಇನ್ನೊಂದು ಪ್ರತಿ ಸರಿಯಿದ್ದರೂ ಅರ್ಧ ಪ್ರೋಟೀನು ಸಾಲುವುದಿಲ್ಲ. ಅಪ್ಪನಿಂದ ನಿನಗೆ ಬಂದದ್ದು ಇದು. ನನ್ನದನ್ನೂ ನೋಡಿದೆ. ನನಗಿಲ್ಲ. ಅದಕ್ಕೂ ನಾಚಿಕೆಯಾಗುತ್ತದೆ.

ಅವತ್ತೇ ಫೋನ್ ಎತ್ತಬೇಕಿತ್ತು. ಜಗಳವಾದರೆ ಆಗಲಿ. ಆದರೆ ನಾನು ಲ್ಯಾಬಿಗೆ ಹೋದೆ. ನಿನ್ನ ಪೀಠಿಕೆಯನ್ನು ಬೆಳಕು ಚೆಲ್ಲುವ ಪ್ರೋಟೀನಿನ ಮುಂದೆ ಜೋಡಿಸಿ, ಕಪ್ಪೆಮೊಟ್ಟೆಗೆ ಚುಚ್ಚಿ, ಎಷ್ಟು ಬೆಳಕು ಬರುತ್ತದೆ ಎಂದು ಅಳೆಯುತ್ತಾ ಕೂತೆ. ಒಮ್ಮೆ ಕಡಿಮೆ ಬಂತು, ಅಂದರೆ ಯಂತ್ರ ಮುಂಚಿನ ಗುರುತಿಗೇ ನಿಲ್ಲುತ್ತಿದೆ. ಖಚಿತವಾಗಬೇಕು ಎಂದು ಮತ್ತೆ ಮಾಡಿದೆ. ಮತ್ತೆಯೂ ಕಡಿಮೆ. ಇನ್ನೊಮ್ಮೆ ಮಾಡಿದೆ. ಖಚಿತವಾಗದೆ ನಿನ್ನನ್ನು ಹೆದರಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ತಮ್ಮನಿಗೆ ನಿಮಗಿಂತ ಜಾಸ್ತಿ ಗೊತ್ತು ಎಂದು ನೀನು ಡಾಕ್ಟರಿಗೆ ಹೇಳಿದ್ದೆಯಲ್ಲ, ಆ ತಮ್ಮನಾಗಿಯೇ ಇನ್ನೂ ಕೆಲವು ದಿನ ಇರಬೇಕಿತ್ತು ನನಗೆ.

ಮಾರ್ಚ್ 14ರ ಕಾಗದ ನಿನ್ನ ಹತ್ತಿರ ಇದ್ದರೆ ಮೊದಲ ಪುಟ ತೆಗೆದು ನೋಡು. ಮಂಚಕ್ಕೂ ಛತ್ರಿಗೂ ನಡುವೆ ಸ್ಕ್ಯಾನಿನ ಮಾತಿದೆ. ನೀನು ಅಲ್ಲಿ ಓದುವುದಿಲ್ಲ ಎಂದು ಗೊತ್ತಿದ್ದೇ ಅಲ್ಲಿ ಬರೆದೆ. ನಾಳೆ ಏನಾದರೂ ಆದರೆ, ಹೇಳಿದ್ದೆನಲ್ಲ ಅನ್ನಲು ಒಂದು ದಾರಿ ಇರಲಿ ಅಂತ. ನಿನ್ನ ತಮ್ಮ ಇಂಥವನು, ಅಕ್ಕ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಕಪ್ಪೆಮರಿಯ ರಕ್ತ ತಂದಿದ್ದೇನೆ. ಈ ಸಲ ತುದಿಯಿಂದ ಓದುತ್ತೇನೆ. ಅದು ತಿಳಿಯುವವರೆಗೆ ಅವಳನ್ನು ಸಿಲಿಂಡರ್ ಕಟ್ಟಿ ನೀರಿಗೆ ಇಳಿಸಬೇಡ. ಆಳದಿಂದ ಮೇಲೆ ಬರುವಾಗ ರಕ್ತದಲ್ಲಿ ಏಳುವ ಗಾಳಿಗುಳ್ಳೆ ಅಂಥ ಅಡ್ಡದಾರಿಯಿಂದ ಮಿದುಳಿಗೆ ಹೋಗಬಹುದು.

ತಮ್ಮ


ಮೇ 25

ಎಡಗೈಲಿ ಬರೀತಿದ್ದೀನಿ. ಉದ್ದ ಬರೆಯೋಕೆ ಆಗಲ್ಲ.

ಕೋಪ ಇದೆ. ತುಂಬಾ ಇದೆ. ಸೊಟ್ಟ ಬಾಯಿ ನೋಡಿ ಮಕ್ಕಳು ಹೆದರ್ತಾರೆ ಅಂತ ಕೊಳದ ಕಡೆ ಹೋಗೋದೇ ಬಿಟ್ಟಿದ್ದೀನಿ. ನಿನ್ನ ಭಾವ ನನ್ನ ತಲೆ ಬಾಚ್ತಾರೆ. ಬೈತಲೆ ಒಂದು ದಿನವೂ ನೆಟ್ಟಗೆ ಬರಲ್ಲ. ನಿನ್ನ ಕಾಗದ ಓದಿ ಎರಡು ಸಲ ಹರಿಯೋಕೆ ಹೋದೆ. ಒಂದು ಕೈಲಿ ಹರಿಯೋಕೂ ಬರಲ್ಲ ಅಂತ ಅವತ್ತು ಗೊತ್ತಾಯ್ತು.

ಬೆನ್ನುಮೂಳೆ ಯಾರಿಗಿಲ್ಲ ಅಂತ ಈಗ ಹೇಳು.

ಆದರೆ ನಾನೂ ಹೇಳಲಿಲ್ಲ. ಫೆಬ್ರವರಿಯಿಂದಲೇ ಮೂಗು ದಿನಾ ಸುರೀತಿತ್ತು. ಟವೆಲು ಕದ್ದು ಒಗೀತಿದ್ದೆ. ಬಲಗೈ ಜೋಮು ಹಿಡೀತಿತ್ತು. ಪೆನ್ನು ಸರಿಯಾಗೇ ಇತ್ತು ಕಣೋ. ಡಾಕ್ಟರಮ್ಮನ ಮುಂದೆ ಅಷ್ಟು ಜಂಬ ಕೊಚ್ಚಿ ಆಗಿತ್ತು. ಮತ್ತೆ ಹೋಗಿ ನಿಲ್ಲೋಕೆ ಮನಸ್ಸಾಗಲಿಲ್ಲ. ಅದಕ್ಕಿಂತ, ಕಪ್ಪೆಮರಿಗೆ "ಬೇಡ" ಅಂತ ಮತ್ತೆ ಹೇಳಬೇಕಾಗುತ್ತಲ್ಲ ಅಂತ. ಸಿಲಿಂಡರ್ ಕಟ್ಟಿಸೋಕೆ ಅವಳನ್ನ ಕರ್ಕೊಂಡು ಹೋಗಿದ್ದು ನಾನೇ. ನಾನು ಬಿದ್ದಾಗ ಅವಳು ಇನ್ನೂ ನೀರಿಗಿಳಿದಿರಲಿಲ್ಲ. ಅದೊಂದನ್ನ ನೆನೆಸಿಕೊಂಡು ಮಲಗ್ತೀನಿ.

ಅವಳದು ಏನು ಬಂದ್ರೂ ಮೊದಲ ಸಾಲಲ್ಲೇ ಬರಿ. ಸುತ್ತಿ ಬಳಸಿದರೆ ನಿನ್ನ ಮುಖ ನೋಡಲ್ಲ.


ಜೂನ್ 17

ಕಪ್ಪೆಮರಿಯಲ್ಲೂ ಆ ಅಕ್ಷರ ಇದೆ.

ಈಗಷ್ಟೇ ಫೋನಿನಲ್ಲಿ ನಿನಗೂ ಭಾವನಿಗೂ ಹೇಳಿದೆ, ಡಾಕ್ಟರಮ್ಮನಿಗೂ ಹೇಳಿದೆ. ಆದರೂ ನೀನು ಹೇಳಿದ ಹಾಗೆ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು ಜಗಳ ಆಡಲಿಲ್ಲ. ಜಗಳವೇ ವಾಸಿಯಿತ್ತು. ಅವಳ ಶ್ವಾಸಕೋಶದ ಸ್ಕ್ಯಾನ್ ಈ ವಾರವೇ ಆಗಬೇಕು. ಅಕ್ಷರ ಇದ್ದ ಮಾತ್ರಕ್ಕೆ ಅವಳ ರಕ್ತನಾಳ ಈಗಲೇ ಕೆಟ್ಟಿದೆ ಅಂತಲ್ಲ. ಕೆಟ್ಟಿದ್ದರೂ ಮುಂಚೆಯೇ ಕಂಡರೆ ಮುಚ್ಚಬಹುದು. ನಿನ್ನದನ್ನೂ ಮುಂಚೆಯೇ ಮುಚ್ಚಬಹುದಿತ್ತು.

ತಮ್ಮ


ಜುಲೈ 8

ಪುಟ್ಟಾ,

ಕಪ್ಪೆಮರಿಯ ಶ್ವಾಸಕೋಶ ಸದ್ಯಕ್ಕೆ ಚೊಕ್ಕಟವಾಗಿದೆ. ನೋಡಿದೆಯಾ, ನಾನೂ ಮೊದಲ ಸಾಲಲ್ಲೇ ಬರೆದೆ. ಕೆಲವು ವರ್ಷಕ್ಕೊಮ್ಮೆ ತೋರಿಸ್ತಿರಬೇಕಂತೆ. ಸಿಲಿಂಡರ್ ಮಾತ್ರ ಬೇಡ್ವೇ ಬೇಡ ಅಂದ್ರು ಡಾಕ್ಟರಮ್ಮ. ಈ ಸಲ ನಾನು ಸರಿ ಅಂತ ತಲೆಯಾಡಿಸಿದೆ. ಕಪ್ಪೆಮರಿ ಒಂದು ಇಡೀ ದಿನ ಮಾತು ಬಿಟ್ಟಳು. ಆಮೇಲೆ ಬಂದು, "ಅಮ್ಮಾ, ನಿನ್ನ ಸೀಟಿ ನಾನು ಊದ್ಲಾ?" ಅಂದಳು. ಈಗ ಸಂಜೆ ನಾವಿಬ್ಬರೂ ಕೊಳದ ಅಂಚಿಗೆ ಹೋಗ್ತೀವಿ. ನಾನು ಕುರ್ಚೀಲಿ ಕೂತು ಬೈತೀನಿ, ಅವಳು ಊದ್ತಾಳೆ. ಮಕ್ಕಳು ಹೆದರಲಿಲ್ಲ. ನಾನೇ ಹೆದರಿದ್ದೆ. ಎಡಗೈಗೆ ಬರೆಯೋದು ರೂಢಿಯಾಯ್ತು. ಬಲಗೈಲಿ ಈಗ ಲೋಟ ಹಿಡೀಬಹುದು, ನೀರು ಕಡಿಮೆ ಇದ್ರೆ.

ಕೋಪ ಪೂರ್ತಿ ಹೋಗಿಲ್ಲ. ಹೋದಾಗ ಹೇಳ್ತೀನಿ.

ಮನೇಲಿ ಕೂತು ಮಾಡೋಕೇನು ಕೆಲಸ? ಅಲಮಾರಿಯಿಂದ ನಿನ್ನ ಕಾಗದಗಳನ್ನೆಲ್ಲ ತೆಗೆಸಿದೆ. ಮಾರ್ಚ್‌ದು ನೋಡೋಣ, ಮಂಚಕ್ಕೂ ಛತ್ರಿಗೂ ನಡುವೆ ನೀನು ಹೇಗೆ ತುರುಕಿದ್ದೀಯಾ ಅಂತ ಸಿಟ್ಟಲ್ಲೇ ತೆಗೆಸಿದೆ. ಓದಿದೆ. ಆಮೇಲೆ ಹಿಂದಿನದು, ಅದರ ಹಿಂದಿನದು. ಬರೀ ಮೊದಲ ಪುಟಗಳನ್ನೇ ಓದಿದೆ ಕಣೋ, ಇಷ್ಟು ವರ್ಷದ್ದು. ಒಂದರಲ್ಲಿ ನಿನಗೆ ಆಪರೇಷನ್ ಆಗಿದೆ. ಹೊಟ್ಟೆಗೆ ಹೊಲಿಗೆ ಹಾಕಿದ್ದಾರೆ, ಯಾರೂ ನೋಡೋಕೆ ಬರಲಿಲ್ಲ ಅಂತ ಮಳೆ ಸುದ್ದಿ ಜೊತೆ ಬರೆದಿದ್ದೀಯಾ. ಆ ಕಾಗದಕ್ಕೆ ನಾನು ಏನು ಉತ್ತರ ಬರೆದೆನೋ ನೆನಪಿಲ್ಲ. ಕೊಳಕ್ಕೆ ಹೊಸ ಹಂಚು ಹಾಕಿಸಿದ ಸುದ್ದಿ ಇರಬೇಕು. ಜನವರಿದರಲ್ಲಿ ಅವಳು ಹೊರಟುಹೋಗಿದ್ದಾಳೆ. ನಾನು ಅದಕ್ಕೆ, ಮನೆಗೆ ಯಾವಾಗ ಕರ್ಕೊಂಡು ಬರ್ತೀಯಾ ಅಂತ ಕೇಳಿದ್ದೀನಿ. ಮತ್ತೆ ಮಾರ್ಚಲ್ಲಿ, ನಾಚಿಕೆನಾ ಅಂತ. ಅಯ್ಯೋ ನನ್ನ ಕೈ ಸೇದಿಹೋಗ! ಸೇದಿಯೂ ಹೋಯ್ತು ಬಿಡು.

ನೀನು ನನಗೆ ಹೇಳಲೇ ಇಲ್ಲ ಅಂತ ಬೈಯೋ ಬಾಯಿ ನನಗಿಲ್ಲ, ಎಲ್ಲ ಹೇಳಿದ್ದೀಯಾ.

ಹೊಟ್ಟೆಯ ಗಾಯ ಈಗ ನೋಯುತ್ತಾ? ಅವಳು ಯಾಕೆ ಹೋದಳು? ಬ್ರೆಡ್ಡಲ್ಲೇ ಇದ್ದೀಯಾ ಇನ್ನೂ?

ಅಕ್ಕ